ಖರ್ಚಿನ ಊರು, ಮನುಷ್ಯನ ಊರು

ನಿಮ್ಮ ಊರು ಯಾವುದು? ಪರಿಚಯಕ್ಕೆಂದು ನಾವು ಕೇಳುವ ಈ ಪ್ರಶ್ನೆಯನ್ನು ಸರಕಾರ ಕೇಳಿದಾಗ ಅದರ ಅರ್ಥವೇ ಬದಲಾಗುತ್ತದೆ. ಇವನ ಖರ್ಚು ಯಾರ ತಲೆಯ ಮೇಲೆ ಎಂಬುದು ಆಗಿನ ಪ್ರಶ್ನೆ.

ಇಂಗ್ಲೆಂಡಿನಲ್ಲಿ ಇದು ಹಳೆಯ ಜಗಳ. 1662ರ ಕಾನೂನಿನಂತೆ, ಹೊರಗಿನಿಂದ ಬಂದವರು ಮುಂದೆ ಹೊರೆಯಾಗಬಹುದೆಂದು ಕಂಡರೆ ಅವರನ್ನು ಮೂಲ ಪ್ಯಾರಿಷ್‌ಗೆ ಹಿಂದಕ್ಕಟ್ಟಬಹುದಿತ್ತು. 1948ರ ಕಾನೂನು ಆ ಬಡವರ ಕಾಯಿದೆಯನ್ನೇ ರದ್ದುಗೊಳಿಸಿ, ಆರೈಕೆಯ ಹೊಣೆಯನ್ನು ವ್ಯಕ್ತಿಯು 'ಸಾಮಾನ್ಯವಾಗಿ ವಾಸಿಸುವ' ಪ್ರದೇಶದ ಕೌನ್ಸಿಲಿಗೆ ವಹಿಸಿತು. ಈ ಮಾತಿನ ಅರ್ಥವೇನೆಂದು 1982ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ಹೇಳಿತು. ಹೊರದೇಶಗಳಿಂದ ಬಂದ ವಿದ್ಯಾರ್ಥಿಗಳು ಶಿಕ್ಷಣದ ನೆರವು ಕೇಳಿದ್ದ ಪ್ರಕರಣವದು. ಸ್ವಂತ ಇಚ್ಛೆಯಿಂದ, ನೆಲೆಗೊಂಡ ಉದ್ದೇಶವೊಂದಕ್ಕಾಗಿ ಎಲ್ಲಿ ಬದುಕುತ್ತಾರೋ ಅದೇ ವಾಸಸ್ಥಳ ಎಂದಿತು ಪೀಠ.

ವಿದ್ಯಾರ್ಥಿಗಳ ಮಟ್ಟಿಗೆ ಇದು ಸರಿ. ಆದರೆ ಎಲ್ಲಿ ಬದುಕಬೇಕೆಂದು ನಿರ್ಧರಿಸುವ ಶಕ್ತಿಯೇ ಇಲ್ಲದವನ ಊರು ಯಾವುದು?

2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಅಂಥ ಒಬ್ಬ ಯುವಕನ ಪ್ರಕರಣ. ತೀವ್ರ ದೈಹಿಕ ಮತ್ತು ಬೌದ್ಧಿಕ ವೈಕಲ್ಯದೊಂದಿಗೆ ಹುಟ್ಟಿದವನು. ತಂದೆತಾಯಿ ಆಗ ವಿಲ್ಟ್‌ಶೈರ್‌ನಲ್ಲಿದ್ದರು. 1991ರಲ್ಲಿ ಅಲ್ಲಿನ ಕೌನ್ಸಿಲ್ ಈ ಮಗುವನ್ನು ಇಂದಿನ ಸೌತ್ ಗ್ಲಾಸ್ಟರ್‌ಶೈರ್‌ನ ಸಾಕು ತಂದೆತಾಯಿಗೆ ಒಪ್ಪಿಸಿತು. ಅದೇ ವರ್ಷ ಹೆತ್ತವರು ಕಾರ್ನ್‌ವಾಲ್‌ಗೆ ಹೋಗಿ ನೆಲೆಸಿದರು. ಹದಿನೆಂಟು ತುಂಬಿದ ಮೇಲೆ ಅವನನ್ನು ಸಾಮರ್‌ಸೆಟ್‌ನ ಆರೈಕೆ ಮನೆಗೆ ಸೇರಿಸಲಾಯಿತು. ಖರ್ಚು ವರ್ಷಕ್ಕೆ ಸುಮಾರು 80,000 ಪೌಂಡ್.

ಯಾರು ಕೊಡಬೇಕು? ಹೆತ್ತವರಿರುವ ಕಾರ್ನ್‌ವಾಲ್ ಎಂದರು ಸಚಿವರು. ಅವನು ಬೆಳೆದ ಸೌತ್ ಗ್ಲಾಸ್ಟರ್‌ಶೈರ್ ಎಂದಿತು ಮೇಲ್ಮನವಿ ನ್ಯಾಯಾಲಯ. ಸುಪ್ರೀಂ ಕೋರ್ಟ್ ನಾಲ್ವರ ಬಹುಮತದಿಂದ ಹೊಣೆಯನ್ನು ವಿಲ್ಟ್‌ಶೈರ್‌ಗೆ ವಹಿಸಿತು. ಮಗುವನ್ನು ಬೇರೆಡೆಗೆ ಕಳಿಸಿದ ಮಾತ್ರಕ್ಕೆ ಕೌನ್ಸಿಲ್ ತನ್ನ ಹೊಣೆಯನ್ನೂ ರಫ್ತು ಮಾಡಿದಂತಾಗಬಾರದು ಎಂಬುದು ಅದರ ತರ್ಕ. ಐದನೆಯ ನ್ಯಾಯಮೂರ್ತಿ ಒಪ್ಪಲಿಲ್ಲ. ಅಷ್ಟು ವರ್ಷ ಬದುಕದ ಜಾಗದಲ್ಲಿ ಒಬ್ಬ 'ವಾಸಿಸುತ್ತಾನೆ' ಎಂದರೆ ಕಾನೂನಿನ ಮಾತಿಗೇ ಅದು ವಿರುದ್ಧವಾಗುತ್ತದೆ ಎಂಬುದು ಅವರ ವಾದ.

ಪದಕೋಶದ ಪ್ರಕಾರ ಅವರ ಮಾತು ಸರಿ. ಆದರೂ ನ್ಯಾಯ ಬಹುಮತದ ಕಡೆಗಿದೆ ಎಂದು ನನಗನಿಸುತ್ತದೆ. ಸಾಕು ಮನೆಗಳೂ ಆರೈಕೆ ಮನೆಗಳೂ ಇರುವ ಊರೇ ಖರ್ಚು ಹೊರಬೇಕೆಂದರೆ, ಅಂಥ ಮನೆಗಳಿಗೆ ಬಾಗಿಲು ತೆರೆಯುವ ಊರಿಗೆ ಶಿಕ್ಷೆ, ತನ್ನವರನ್ನು ಸಾಗಹಾಕುವ ಊರಿಗೆ ಬಹುಮಾನ. ಹಾಗಾದರೆ ಅಂಗವಿಕಲರನ್ನು ನೆರೆಯವರಾಗಿ ಒಪ್ಪಲು ಯಾವ ಊರು ಮುಂದೆ ಬಂದೀತು?

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಮ್ಮದು. ಕೂಸು ಬಡವಾಗದಂತೆ ನೋಡಿಕೊಳ್ಳುವುದೇ ಇಲ್ಲಿನ ನಿಜವಾದ ನೈತಿಕ ಪ್ರಶ್ನೆ. ಇಂಗ್ಲೆಂಡಿನ 2014ರ ಆರೈಕೆ ಕಾಯಿದೆ ಇದನ್ನು ತಕ್ಕಮಟ್ಟಿಗೆ ಅರಿತಿದೆ. ಆರೈಕೆ ಪಡೆಯುತ್ತಿರುವವರು ತಾವಾಗಿ ಊರು ಬದಲಿಸಿದಾಗ, ಹೊಸ ಕೌನ್ಸಿಲಿನ ಪರಿಶೀಲನೆ ಮುಗಿದಿರದಿದ್ದರೂ ಹಳೆಯ ಕೌನ್ಸಿಲ್ ಪೂರೈಸುತ್ತಿದ್ದ ಅಗತ್ಯಗಳನ್ನು ಅದು ಮೊದಲ ದಿನದಿಂದಲೇ ಪೂರೈಸಬೇಕು. ಕೌನ್ಸಿಲ್‌ಗಳ ನಡುವೆ ವ್ಯಾಜ್ಯವೆದ್ದರೆ, ಆ ಹೊತ್ತಿಗೆ ಆರೈಕೆ ಕೊಡುತ್ತಿರುವವರು ಅದನ್ನು ನಿಲ್ಲಿಸುವಂತಿಲ್ಲ. ಮೊದಲು ಊಟ, ಔಷಧಿ, ಎತ್ತಿ ಕೂರಿಸುವ ಕೈ, ಹಿಸಾಬು ಆಮೇಲೆ.

ಹಿಸಾಬು ಬೇಡವೆಂದಲ್ಲ. ಹಣ ಜನರದ್ದು, ಲೆಕ್ಕ ಕೇಳುವುದು ತಪ್ಪಲ್ಲ. ಆದರೆ ಕೌನ್ಸಿಲೊಂದು 'ಇವನು ನಮ್ಮವನಲ್ಲ' ಎಂದು ಕಡತದಲ್ಲಿ ಬರೆಯುವಾಗ, ಅದು ಖರ್ಚಿನ ಬಗ್ಗೆ ಮಾತ್ರ ಆಡಿದ ಮಾತಾಗಿರಬೇಕು. ಆ ಯುವಕನ ಬಿಲ್ಲು ವಿಲ್ಟ್‌ಶೈರ್‌ಗೆ ಹೋಗಲಿ. ಬೆಳಿಗ್ಗೆ ಅವನನ್ನು ಹೆಸರು ಹಿಡಿದು ಕರೆಯುವವರು ಸಾಮರ್‌ಸೆಟ್‌ನಲ್ಲಿದ್ದರೆ, ಅವನ ಊರು ಅದೇ.