ಹಡಗಿನ ಭಾರ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು ಸಮುದ್ರಕ್ಕೆ ಬಹುದೂರವಾದ ಬಯಲುಸೀಮೆಯವು. ನಮಗೆ ಪರಿಚಿತವಾದ ಜಲಯಾನವೆಂದರೆ ತುಂಗಭದ್ರೆಯ ಹರಿಗೋಲು. ಆದರೂ ಹೂವಿನಹಡಗಲಿಯ ಹೆಸರಿನಲ್ಲಿಯೇ ಹಡಗು ಅಡಗಿದೆಯೆಂದು ಹಿರಿಯರು ಹೇಳುವುದುಂಟು. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಯ ಹೂವು ನದಿಯ ಮಾರ್ಗವಾಗಿ ಹಂಪೆಗೆ ಸಾಗುತ್ತಿತ್ತೆಂದು ಪ್ರತೀತಿ. ಇದು ಜನಶ್ರುತಿಯೇ ಇರಬಹುದು. ಆದರೆ ಹೊರುವ ಹಡಗು ಮತ್ತು ಹೊತ್ತ ಹೊರೆ ಇವುಗಳ ವಿಚಾರಕ್ಕೆ ಅದು ಒಳ್ಳೆಯ ನಾಂದಿಯಾಗಿದೆ.

ಉಡುಪಿಯ ಯಾತ್ರೆಗೆ ಮಂಗಳೂರಿನ ಮೂಲಕ ಹೋಗುವ ನಮ್ಮ ಭಕ್ತರು ಪಣಂಬೂರಿನ ಕಡಲತೀರದಲ್ಲಿ ಕ್ಷಣಕಾಲ ನಿಂತರೆ, ಸರದಿ ಕಾಯುತ್ತಿರುವ ಹಡಗುಗಳೂ, ಒಳಬರುವ ಮತ್ತು ಹೊರಡುವ ಹಡಗುಗಳೂ ಕಾಣುತ್ತವೆ. ಅಲ್ಲಿಯ ನವಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೆಯ ಮಹಾಬಂದರೆಂದು ಘೋಷಿತವಾಗಿ, 1975ರ ಜನವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತು. ನಮ್ಮ ನೆರೆಯ ಹೊಸಪೇಟೆ ಸೀಮೆಯ ಕಬ್ಬಿಣದ ಅದಿರು ಘಟ್ಟವಿಳಿದು ಇಲ್ಲಿಂದಲೂ ಪರದೇಶಗಳಿಗೆ ಹೋಗುತ್ತಿತ್ತು. 2010ರಲ್ಲಿ ರಾಜ್ಯ ಸರ್ಕಾರವು ಅದಿರಿನ ರಫ್ತನ್ನು ತಡೆದುದು ಎಲ್ಲರಿಗೂ ತಿಳಿದ ವಿಷಯ.

ಬಂದರಿನಲ್ಲಿ ಹಡಗುಗಳ ಗಮನಾಗಮನವನ್ನು ನೋಡುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಹಡಗಿನ ಪಾರ್ಶ್ವದಲ್ಲಿ ಬರೆದಿರುವ ಒಂದು ವೃತ್ತ ಮತ್ತು ಅಡ್ಡಗೆರೆ. ಲಾಭದಾಸೆಯಿಂದ ಮಿತಿಮೀರಿ ತುಂಬಿದ ಹಡಗುಗಳು ಮುಳುಗಿ ನಾವಿಕರು ಸಾಯುತ್ತಿದ್ದುದನ್ನು ಕಂಡು ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಎಂಬ ಸಜ್ಜನನು ಹೋರಾಡಿದುದರ ಫಲವಾಗಿ, 1876ರಲ್ಲಿ ಇಂಗ್ಲೆಂಡಿನಲ್ಲಿ ಇಂತಹ ಗುರುತು ಕಡ್ಡಾಯವಾಯಿತು. ಗೆರೆ ನೀರಿನಲ್ಲಿ ಮುಳುಗುವಷ್ಟು ಭಾರವನ್ನು ಹೇರಬಾರದೆಂಬುದು ನಿಯಮ. ಸಂಸಾರಯಾತ್ರೆಯಲ್ಲಿ ನಮಗೂ ಇಂತಹ ಒಂದು ಗೆರೆ ಬೇಡವೇ? ನೆರೆಯವರು ಮೆಚ್ಚಲೆಂದು ಸಾಲಮಾಡಿ ನಡೆಸುವ ಅದ್ದೂರಿಯ ಮದುವೆ, ಹೊಲವನ್ನು ಒತ್ತೆಯಿಟ್ಟು ಮೆರೆಯುವ ಆಡಂಬರ, ಇವೆಲ್ಲವೂ ಗೆರೆ ಮೀರಿದ ಹೊರೆಗಳೇ.

ಎರಡನೆಯದು ಇದಕ್ಕಿಂತ ಸೂಕ್ಷ್ಮವಾದುದು. ಸರಕನ್ನೆಲ್ಲ ಇಳಿಸಿ ಬರಿದಾದ ಹಡಗು, ಹಗುರಾಯಿತೆಂದು ಸುಖವಾಗಿ ಹೊರಡಲಾರದು. ತೀರ ಹಗುರಾದ ಹಡಗು ಅಲೆಗೆ ಹೊಯ್ದಾಡಿ ಮಗುಚಬಹುದು. ಆದುದರಿಂದ ಅದು ತನ್ನ ತೊಟ್ಟಿಗಳಲ್ಲಿ ಸಮುದ್ರದ ನೀರನ್ನೇ ತುಂಬಿಕೊಂಡು ಸಾಗುತ್ತದೆ. ಪೂರ್ವದಲ್ಲಿ ಕಲ್ಲು, ಮರಳು, ಮಣ್ಣುಗಳನ್ನು ಹೇರುತ್ತಿದ್ದರು. ಅತಿಭಾರವು ಮುಳುಗಿಸುವಂತೆ ಭಾರಶೂನ್ಯತೆಯೂ ಮುಳುಗಿಸುತ್ತದೆ!

ಇಲ್ಲಿ ಶ್ರೀಮದಾಚಾರ್ಯರ ಚರಿತ್ರೆಯು ನೆನಪಾಗದಿರದು. ಹದಿಮೂರನೆಯ ಶತಮಾನದಲ್ಲಿ ಮಲ್ಪೆಯ ಕಡಲಿನಲ್ಲಿ ದ್ವಾರಕೆಯ ಕಡೆಯಿಂದ ಬಂದ ನಾವೆಯೊಂದು ಬಿರುಗಾಳಿಗೆ ಸಿಲುಕಿದಾಗ, ತೀರದಲ್ಲಿದ್ದ ಆಚಾರ್ಯರು ತಮ್ಮ ಉತ್ತರೀಯವನ್ನು ಬೀಸಿ ಅದನ್ನು ಸುರಕ್ಷಿತವಾಗಿ ದಡಕ್ಕೆ ತಂದರೆಂದು ಸಂಪ್ರದಾಯವು ಹೇಳುತ್ತದೆ. ಕೃತಜ್ಞನಾದ ನಾವಿಕನು ಬೇಕಾದುದನ್ನು ಕೊಡಲು ಮುಂದಾದಾಗ, ಅವರು ಬೇರೇನನ್ನೂ ಬಯಸದೆ ಹಡಗಿನ ತೂಕಕ್ಕೆಂದು ಇರಿಸಿದ್ದ ಗೋಪೀಚಂದನದ ಹೆಂಟೆಯನ್ನು ಸ್ವೀಕರಿಸಿದರು. ಅದರೊಳಗೆ ಇದ್ದವನು ಇಂದಿಗೂ ಉಡುಪಿಯಲ್ಲಿ ಪೂಜೆಗೊಳ್ಳುತ್ತಿರುವ ಕಡೆಗೋಲು ಕೃಷ್ಣ. ನಾವಿಕನು ಬೆಲೆಯುಳ್ಳದ್ದೆಂದು ಕಾಯ್ದುದು ಸರಕನ್ನು. ಬರಿಯ ಮಣ್ಣೆಂದು ಹೊತ್ತುದು ಭಗವಂತನನ್ನು.

ಮಹಾಶಯರೇ, ಮಳೆ ತಪ್ಪಿದ ವರ್ಷಗಳಲ್ಲಿ ನಮ್ಮ ತಾಲ್ಲೂಕುಗಳಿಂದ ದುಡಿಮೆಯನ್ನರಸಿ ಬೆಂಗಳೂರು, ಮಂಗಳೂರುಗಳಿಗೆ ಹೋಗುವವರು ಅನೇಕರು. ಹೋಗುವುದು ತಪ್ಪಲ್ಲ, ಹಡಗನ್ನು ಕಟ್ಟುವುದು ಬಂದರಿನಲ್ಲಿ ನಿಲ್ಲಿಸಲೆಂದಲ್ಲ. ಆದರೆ ಹೊರಡುವಾಗ ನಾವು ಇಳಿಸಿಹೋಗುವುದೇನನ್ನು? ಮುಪ್ಪಿನ ತಾಯಿತಂದೆಗಳ ಯೋಗಕ್ಷೇಮವನ್ನು, ಪಿತೃಗಳ ತಿಥಿಯನ್ನು, ಏಕಾದಶಿಯ ಉಪವಾಸವನ್ನು, ಸಂಜೆಯ ದೀಪವನ್ನು. ಇವು ಲಾಭ ತರುವ ಸರಕುಗಳಲ್ಲ, ಬರಿಯ ಭಾರವೆಂದು ನಾವು ಎಣಿಸುತ್ತೇವೆ. ಊರಿನಲ್ಲಿಯೇ ಉಳಿದವರೂ ಒಂದೇ ಸೂರಿನಡಿ ಇದ್ದುಕೊಂಡು ಇವನ್ನು ಇಳಿಸಿರುವುದುಂಟು. ಬಿರುಗಾಳಿ ಬೀಸಿದ ದಿನವಷ್ಟೇ ನಮ್ಮನ್ನು ಮಗುಚದಂತೆ ಹಿಡಿದಿದ್ದುದು ಯಾವುದೆಂಬ ಅರಿವಾಗುತ್ತದೆ.

ಚುಕ್ಕಾಣಿ ಹಿಡಿಯುವ ಪ್ರಯತ್ನ ನಮ್ಮದು. ದಡ ಸೇರಿಸುವವನು ಸರ್ವಸ್ವತಂತ್ರನಾದ ಶ್ರೀಹರಿ. ಆತನು ಯಾವ ಹೆಂಟೆಯಲ್ಲಿ ಕುಳಿತು ನಮ್ಮೊಡನೆ ಪಯಣಿಸುತ್ತಿರುವನೋ ತಿಳಿಯದು. ಆದಕಾರಣ ಆಸೆಯ ಹೊರೆಯನ್ನು ಗೆರೆಯೊಳಗೆ ಇರಿಸೋಣ. ಕರ್ತವ್ಯದ ಭಾರವನ್ನು ಮಣ್ಣೆಂದು ಕಡಲಿಗೆ ಎಸೆಯದಿರೋಣ. ದೂರದಲ್ಲಿರುವವರು ಈ ವಾರವೇ ಮನೆಯ ಹಿರಿಯರನ್ನು ವಿಚಾರಿಸಿಕೊಳ್ಳಲಿ. ಹತ್ತಿರದಲ್ಲಿರುವವರು ಇಂದೇ ಅವರ ಬಳಿ ಕುಳಿತು ನಾಲ್ಕು ಮಾತನಾಡಲಿ.

ಶ್ರೀಕೃಷ್ಣಾರ್ಪಣಮಸ್ತು.