ಮೂಕಪ್ರಾಣಿಯ ಋಣ

ಮನೆಗೆ ಕೂಸು ಬಂದಾಗ ಆ ಮನೆಯ ನಾಯಿಯ ಬಗೆಗೆ ವಿಚಾರಿಸುವವರು ವಿರಳ. ಇದೂ ಒಂದು ಧರ್ಮಜಿಜ್ಞಾಸೆಯೇ ಎಂದು ವಾಚಕರು ನಗಬಹುದು. ನಗುವ ಮುನ್ನ ನಿಮ್ಮ ಮನೆಯ ಪಡಸಾಲೆಯನ್ನೊಮ್ಮೆ ನೆನೆದುಕೊಳ್ಳಿರಿ.

ನಮ್ಮ ಕಡೆ ಸೊಸೆಯಾದವಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿ, ನಾಲ್ಕೈದು ತಿಂಗಳ ಕೂಸನ್ನೆತ್ತಿಕೊಂಡು ಮರಳುವುದು ವಾಡಿಕೆ. ಮನುಷ್ಯರಿಗೆ ಸುದ್ದಿ ಮೊದಲೇ ಮುಟ್ಟಿರುತ್ತದೆ, ನಾಯಿಗೆ ಮುಟ್ಟಿರುವುದಿಲ್ಲ. ಅದರ ಪಾಲಿಗೆ, ದಿನವೂ ರೊಟ್ಟಿ ಹಾಕುತ್ತಿದ್ದ ಕೈ ಒಂದು ದಿನ ಕಾಣದಾಯಿತು. ಮರಳಿ ಬಂದಾಗ ಆ ಕೈಯಲ್ಲಿ ಅರಿಯದ ವಾಸನೆಯ, ಅಳುವ ಜೀವವೊಂದಿದೆ. ಹತ್ತಿರ ಹೋದರೆ ಗದರಿಕೆ. ತಾನು ಮಲಗುತ್ತಿದ್ದ ಸ್ಥಳದಲ್ಲಿ ತೊಟ್ಟಿಲು. ಆಗ ಅದು ಗುರುಗುಟ್ಟಿದರೆ ನಾವು ‘ಮತ್ಸರ’ ಎನ್ನುತ್ತೇವೆ. ಅರಿಷಡ್ವರ್ಗಗಳಲ್ಲಿ ಕೊನೆಯದನ್ನು ಮೂಕಪ್ರಾಣಿಯ ತಲೆಗೆ ಕಟ್ಟುವುದು ಎಷ್ಟು ಸುಲಭ! ಅದಕ್ಕಾಗಿರುವುದು ಬಹುಶಃ ದಿಗಿಲು. ಗುರುಗುಟ್ಟುವುದು ಅದು ಕೊಡುವ ಎಚ್ಚರಿಕೆ. ಹೊಡೆದು ಅಡಗಿಸಿದರೆ, ಎಚ್ಚರಿಸದೆಯೇ ಕಚ್ಚುವುದನ್ನು ನಾವೇ ಕಲಿಸಿದಂತಾಗುವುದು.

ಈ ಲೇಖಕನೂ ತಪ್ಪಿತಸ್ಥನೇ. ಮೊಮ್ಮಗ ಮನೆಗೆ ಬಂದ ಮರುದಿನವೇ, ಆರು ವರ್ಷ ಬಾಗಿಲು ಕಾದ ನಾಯಿಯನ್ನು ಹೊಲದ ಗುಡಿಸಲಿನಲ್ಲಿ ಕಟ್ಟಿಹಾಕಿಸಿದೆ. ಎರಡು ದಿನ ಅದು ರೊಟ್ಟಿ ಮುಟ್ಟಲಿಲ್ಲ. ಸೊಸೆ ಬಂದು, “ಮಾವಾರ, ಅದೇನ್ ತಪ್ಪ್ ಮಾಡೈತ್ರಿ?” ಎಂದು ಕೇಳಿದಳು. ಕೂಸಿನ ರಕ್ಷಣೆಗಾಗಿ ಎಂದೆ. ಉತ್ತರ ಸುಳ್ಳಾಗಿರಲಿಲ್ಲ; ಪೂರ್ಣವೂ ಆಗಿರಲಿಲ್ಲ.

ಕೂಸಿನ ರಕ್ಷಣೆ ಮೊದಲು ಎಂಬುದರಲ್ಲಿ ಎರಡು ಮಾತಿಲ್ಲ. ಎಷ್ಟೇ ಸಾಧುವಾದ ನಾಯಿಯೊಡನೆಯೂ ಹಸುಗೂಸನ್ನು ಕ್ಷಣಕಾಲ ಒಂಟಿಯಾಗಿ ಬಿಡಲಾಗದು. ಹುಚ್ಚುನಾಯಿ ರೋಗದ ಲಕ್ಷಣಗಳು ತಲೆದೋರಿದ ಮೇಲೆ ಬದುಕಿ ಉಳಿದವರು ಇಲ್ಲವೆನ್ನುವಷ್ಟು ವಿರಳ. ಆದುದರಿಂದ ನಾಯಿಗೆ ವರ್ಷವರ್ಷದ ಚುಚ್ಚುಮದ್ದನ್ನೂ ತಪ್ಪಿಸಲಾಗದು. ಆದರೆ ಒಬ್ಬರಿಗೆ ಮೊದಲ ಸ್ಥಾನ ಕೊಡುವುದು ಬೇರೆ, ಇನ್ನೊಬ್ಬರಿಗೆ ಸ್ಥಾನವನ್ನೇ ಇಲ್ಲವಾಗಿಸುವುದು ಬೇರೆ. ಬೇಕಾದಾಗ ಮರಿಯನ್ನು ತಂದು ಮುದ್ದಿಸಿ, ಬೇಡವಾದಾಗ ಸಂತೆಯ ಹಾದಿಯಲ್ಲಿ ಬಿಟ್ಟುಬರುವವರನ್ನು ನೀವೂ ಕಂಡಿದ್ದೀರಿ. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಆ ಕಾಯ್ದೆಯು ಮೊದಲ ತಪ್ಪಿಗೆ ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ. ಆರು ವರ್ಷದ ಕಾವಲಿನ ಋಣವನ್ನು ಅಳೆಯಲು ಅದು ಸಾಲುವ ಕೊಳಗವಲ್ಲ.

ನಾಯಿಯನ್ನು ಮರಳಿ ಕರೆತಂದೆವು. ಕೂಸಿಗೆ ಸುತ್ತಿದ್ದ ಬಟ್ಟೆಯೊಂದನ್ನು ಮೊದಲು ಅದರ ಮುಂದೆ ಹಾಸಿದೆವು. ಕಣ್ಣಿಗಿಂತ ಮೂಗನ್ನು ನಂಬುವ ಪ್ರಾಣಿಯದು. ತವರಿನಿಂದ ಬಟ್ಟೆ ತರಿಸಿ, ಕೂಸು ಬರುವ ಮುಂಚೆಯೇ ಮಾಡಬೇಕಾಗಿದ್ದ ಕೆಲಸವಿದು. ಉಣಿಸುವ ಹೊತ್ತನ್ನು ಹಿಂದಿನಂತೆಯೇ ಉಳಿಸಿಕೊಂಡೆವು. ತೊಟ್ಟಿಲಿನ ಕೋಣೆಗೆ ಅಡ್ಡಹಲಗೆ ಹಾಕಿಸಿದೆವು. ಎಲ್ಲಕ್ಕಿಂತ ಮುಖ್ಯವಾದುದನ್ನು ತಡವಾಗಿ ಅರಿತೆವು: ಕೂಸು ನಿದ್ರಿಸುವಾಗ ಮಾತ್ರ ನಾಯಿಯ ಮೈದಡವುತ್ತಿದ್ದೆವು. ಹಾಗಾದರೆ ಕೂಸು ಎಚ್ಚರಗೊಂಡಿತೆಂದರೆ ತನ್ನ ಪಾಲು ಮುಗಿಯಿತೆಂದೇ ಅದು ತಿಳಿಯಬೇಕಲ್ಲವೇ? ಅಂದಿನಿಂದ ಕೂಸು ಎದ್ದಿರುವಾಗಲೇ, ಒಬ್ಬರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿರಲು, ಇನ್ನೊಬ್ಬರು ನಾಯಿಗೆ ರೊಟ್ಟಿಯ ತುಣುಕು ಕೊಡುವ ರೂಢಿಯಾಯಿತು.

ಹುಡುಗನಿಗೀಗ ಎರಡು ವರ್ಷ. ಬಾಲ ಹಿಡಿಯಲು ಹೋದರೆ ನಾಯಿ ಎದ್ದು ಹಿತ್ತಲಿಗೆ ನಡೆಯುತ್ತದೆ. ಹಗಲಿನಲ್ಲಿ ಆ ಬಾಗಿಲನ್ನು ನಾವು ಮುಚ್ಚುವುದಿಲ್ಲ.