ಬಡಿಸಿದವಳ ಹೆಸರು

ಮಳೆಗಾಲದ ಮಧ್ಯಾಹ್ನ, ಬಿಸಿಯೂಟ ಮುಗಿದ ಮೇಲಿನ ಮೊದಲ ಪೀರಿಯಡ್ಡು. ಪಾಠ ಮಹಮ್ಮದ್ ಬಿನ್ ತುಘಲಕ್‌ನದು. ರಾಜಧಾನಿ ದೆಹಲಿಯಿಂದ ದೇವಗಿರಿಗೆ ಹೋಗಿ ವಾಪಸು ಬರುವಷ್ಟರಲ್ಲಿ ಹಿಂದಿನ ಬೆಂಚು ಪೂರ್ತಿ ತೂಕಡಿಸುತ್ತಿತ್ತು. ಪ್ರವಾಸಿ ಇಬ್ನ್ ಬತೂತನ ಹೆಸರು ಬಂದಾಗ ಪುಸ್ತಕ ಮುಚ್ಚಿಸಿದೆ. "ಈ ಮನುಷ್ಯ ನಮ್ಮ ಹೊನ್ನಾವರದಲ್ಲಿ ಉಂಡಿದ್ದಾನೆ ಗೊತ್ತಾ?" ಎಂದೆ.

ಹಿಂದಿನ ಬೆಂಚು ಎದ್ದು ಕೂತಿತು.

ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟು 1342ರಲ್ಲಿ ದೆಹಲಿ ಬಿಟ್ಟವನು ಕರಾವಳಿಗುಂಟ ಇಳಿಯುತ್ತ ಬಂದ. ಅವನ ಬಾಯಲ್ಲಿ ಹೊನ್ನಾವರ 'ಹಿನಾವ್ರ್' ಆಗಿದೆ. ಆಗ ಇಲ್ಲಿ ಸುಲ್ತಾನ ಜಮಾಲುದ್ದೀನ. ಅವನ ಮೇಲೆ 'ಹರ್ಯಬ್' ಎಂಬ ದೊರೆಯೊಬ್ಬನಿದ್ದನಂತೆ. ವಿಜಯನಗರದ ಹರಿಹರನೇ ಇರಬೇಕೆಂದು ವಿದ್ವಾಂಸರ ಊಹೆ. ಮಕ್ಕಳು ಬೇರೆ ಬೇರೆ ಪಾಠಗಳಲ್ಲಿ ಓದುವ ತುಘಲಕ್ ಮತ್ತು ವಿಜಯನಗರ, ಎರಡೂ ನಮ್ಮೂರಿನ ಒಂದು ಊಟದ ಪಂಕ್ತಿಯಲ್ಲಿ ಬಂದು ಕೂತಂತೆ.

ಆ ಊಟವನ್ನು ಅವನು ಬಿಡಿಸಿ ಬರೆದಿದ್ದಾನೆ. ದೊಡ್ಡ ತಾಮ್ರದ ತಟ್ಟೆ, ಅದಕ್ಕೆ 'ತಾಲಂ' ಎನ್ನುತ್ತಾರೆಂದು ಹೆಸರೂ ಗುರುತು ಹಾಕಿಕೊಂಡಿದ್ದಾನೆ. ತಾಮ್ರದ ಸೌಟಿನಿಂದ ಅನ್ನ, ಮೇಲೆ ತುಪ್ಪ. ಪಕ್ಕಕ್ಕೆ ಉಪ್ಪಿನಲ್ಲಿಟ್ಟ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ಲಿಂಬೆ, ಮಾವು. ಒಂದು ತುತ್ತು ಅನ್ನ, ಒಂಚೂರು ಉಪ್ಪಿನಕಾಯಿ. ಆಮೇಲೆ ಕೋಳಿ, ಮೀನು, ತರಕಾರಿ. ಕೊನೆಗೆ ಮೊಸರು. ಎಲ್ಲ ಮುಗಿದ ಮೇಲೆ ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಒಗ್ಗುವುದಿಲ್ಲ ಎಂದು! ಇನ್ನೊಂದು ಸಲ ಬಂದಾಗ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಬರೀ ಅನ್ನದಲ್ಲೇ ಕಳೆದೆ ಎಂದೂ ಹೇಳಿಕೊಂಡಿದ್ದಾನೆ, ಪಾಪ.

"ನಮ್ಮನೆಯಲ್ಲೂ ಅಜ್ಜಿ ಮಳೆಗಾಲಕ್ಕೆ ಬಿಸಿನೀರೇ ಕೊಡೂದು ಅಕ್ಕೋರೆ" ಎಂದನೊಬ್ಬ. ತರಗತಿ ನಕ್ಕಿತು. ಇತಿಹಾಸಕ್ಕೆ ಜೀವ ತುಂಬುವುದು ಅಂದರೆ ಇದೇ ಎಂದು ನಾನು ಒಳಗೊಳಗೇ ಬೀಗಿದೆ.

ಆಗ ಕಿಟಕಿ ಪಕ್ಕದ ಹುಡುಗಿ ಕೇಳಿದಳು: "ಬಡಿಸಿದವರು ಯಾರು ಅಕ್ಕೋರೆ?"

ಬತೂತ ಅದನ್ನೂ ಬರೆದಿದ್ದಾನೆ. ರೇಷ್ಮೆ ಉಟ್ಟ ಒಬ್ಬ ಚೆಲುವೆ, ಗುಲಾಮ ಹುಡುಗಿ. ನನ್ನ ಬಾಯಿಂದ ಹೊರಟದ್ದು ಮಾತ್ರ "ಯಾರೋ ಕೆಲಸದವಳು" ಎಂಬ ಮಾತು. ನಗುತ್ತಿದ್ದ ತರಗತಿಯನ್ನು ಕೆಡಿಸಲು ಮನಸ್ಸಾಗಲಿಲ್ಲ. "ಅವಳ ಹೆಸರು?" ಎಂದು ಮತ್ತೆ ಕೇಳಿದಳು. ಅಷ್ಟರಲ್ಲಿ ಗಂಟೆಯಾಯಿತು. ನಿಜ ಹೇಳಬೇಕೆಂದರೆ ಗಂಟೆ ನನ್ನನ್ನು ಪಾರು ಮಾಡಿತು.

ರಾತ್ರಿ ಅದೇ ಪುಟ ಮತ್ತೆ ತೆರೆದೆ. ಆ ಊರಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆನೆಂದೂ, ಹೆಂಗಸರಿಗೆಲ್ಲ ಕುರಾನ್ ಬಾಯಿಪಾಠವೆಂದೂ, ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲವೆಂದೂ ಬತೂತ ಬೆರಗಾಗಿದ್ದಾನೆ. ಆ 13ನ್ನು ನಾನು ಎಷ್ಟು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳಿಲ್ಲ! ಶಾಲೆಗೆ ಹೋದ ಹುಡುಗಿಯೂ ಸೌಟು ಹಿಡಿದ ಹುಡುಗಿಯೂ ಒಂದೇ ಊರಿನವರು. ತಟ್ಟೆಗೆ ಹೆಸರುಂಟು, ಊರಿಗುಂಟು, ಸುಲ್ತಾನನಿಗುಂಟು. ಅವಳಿಗಿಲ್ಲ.

ಮರುದಿನ ಹೇಳಿದೆ. ಕೆಲಸದವಳಲ್ಲ, ಗುಲಾಮ ಹುಡುಗಿ. ನಿನ್ನೆ ನಾನು ಸರಿಯಾಗಿ ಹೇಳಲಿಲ್ಲ. ತರಗತಿ ನಗಲಿಲ್ಲ, ತೂಕಡಿಸಲೂ ಇಲ್ಲ.

ನಮ್ಮ ಶಾಲೆಗಳಲ್ಲಿ ಇತಿಹಾಸಕ್ಕೆ ಜೀವ ಬರುವುದು ಗ್ಯಾದರಿಂಗ್‌ನಲ್ಲಿ. ಗೇರುಸೊಪ್ಪೆಯ ಚೆನ್ನಭೈರಾದೇವಿ ರಟ್ಟಿನ ಕತ್ತಿ ಹಿಡಿದು ವೇದಿಕೆಗೆ ಬರುತ್ತಾಳೆ, ಪೋರ್ಚುಗೀಸರು ಸೋತು ಓಡುತ್ತಾರೆ, ಪಾಲಕರು ಚಪ್ಪಾಳೆ ಹೊಡೆಯುತ್ತಾರೆ. ತಪ್ಪೇನಿಲ್ಲ, ನಾನೇ ಎಷ್ಟೋ ಸಲ ಆ ಕಿರೀಟಕ್ಕೆ ಜರಿ ಅಂಟಿಸಿದ್ದೇನೆ. ಆದರೆ ಪೋರ್ಚುಗೀಸರು ಆಕೆಯನ್ನು ಕರೆದದ್ದು ಕತ್ತಿಯ ರಾಣಿ ಎಂದಲ್ಲ, ಕಾಳುಮೆಣಸಿನ ರಾಣಿ ಎಂದು. ಮರ ಹತ್ತಿ ಆ ಮೆಣಸು ಕೊಯ್ದವರ ಪಾತ್ರ ಯಾವ ಮಗುವಿಗೂ ಸಿಗುವುದಿಲ್ಲ.

ಆ ಹುಡುಗಿಯ ಪ್ರಶ್ನೆ ಆಮೇಲೆ ನಮ್ಮ ಪ್ರವಾಸಗಳಿಗೂ ಬಂತು. ಮಿರ್ಜಾನ್ ಕೋಟೆಗೆ ಹೋದಾಗ ಮಕ್ಕಳು ಫೋಟೋ ಬಿಟ್ಟು ಚಿರೆಕಲ್ಲಿನ ಗೋಡೆ ಮುಟ್ಟಿ ನೋಡಿದರು. ತಮ್ಮ ಮನೆಯ ಗೋಡೆಯ ಕಲ್ಲೇ ಅದು. ಕಲ್ಲು ಕಡಿಯುವವರ ಮನೆಯ ಹುಡುಗನೊಬ್ಬ, ಹಸಿ ಇದ್ದಾಗ ಚಿರೆ ಮೆತ್ತಗೆ, ಗಾಳಿ ಬಿಸಿಲು ತಾಗಿದರೆ ಗಟ್ಟಿ ಎಂದು ಎಲ್ಲರಿಗೂ ವಿವರಿಸಿದ. ಅವತ್ತು ಅವನೇ ಮಾಸ್ತರು. ಭಟ್ಕಳದಲ್ಲಿ ಇನ್ನೊಂದು ಕಂಡಿತು: ಕೇತಪೈ ನಾರಾಯಣ ದೇವಸ್ಥಾನ, ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ. ದೊಡ್ಡ ಅರಸರ ಹೆಸರಲ್ಲ, ಊರಲ್ಲಿ ಕರೆದರೆ ಯಾರಾದರೂ ಓಗೊಡುವಂಥ ಹೆಸರುಗಳು. ವಿಜಯನಗರಕ್ಕೆ ಅರಬ್ಬರ ಕುದುರೆಗಳು ಬಂದಿಳಿದ ಬಂದರು ಇದು. ಕುದುರೆಗಳನ್ನು ಘಟ್ಟ ಹತ್ತಿಸಿದವರು ಯಾರು ಎಂದು ನಾನು ಕೇಳಬೇಕಾಗಲಿಲ್ಲ, ಮಕ್ಕಳೇ ಕೇಳಿದರು.

ಕುಮಟೆಯದು ಇನ್ನೂ ವಿಚಿತ್ರ. 'ಕುಮಟಾ ಹತ್ತಿ' ಎಂದು ಇಂಗ್ಲೆಂಡಿನವರೆಗೆ ಹೆಸರಾದ ಹತ್ತಿ ಬೆಳೆದದ್ದು ಕುಮಟೆಯಲ್ಲಲ್ಲ, ಧಾರವಾಡದ ಕರಿನೆಲದಲ್ಲಿ. ಎತ್ತಿನ ಗಾಡಿಯಲ್ಲಿ ದೇವಿಮನೆ ಘಟ್ಟ ಇಳಿದು, ಇಲ್ಲಿಂದ ಹಡಗು ಹತ್ತಿ ಮುಂಬಯಿಗೆ ಹೋಗುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಈ ಬಂದರಿಗೆ ಎಲ್ಲಿಲ್ಲದ ಬೆಲೆ. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆಯೂ ಹತ್ತಿ ವ್ಯಾಪಾರಿಗಳ ಒತ್ತಾಯವಿತ್ತು. ಆ ಯುದ್ಧ ಗುಲಾಮರ ಪ್ರಶ್ನೆಯ ಮೇಲೆ ಎಂದಾಗ ಕಿಟಕಿ ಪಕ್ಕದವಳು ತಲೆಯೆತ್ತಿದಳು. ಅಲ್ಲಿ ಹತ್ತಿ ಬಿಡಿಸಿದವರು, ಇಲ್ಲಿ ಅನ್ನ ಬಡಿಸಿದವಳು. ಒಂದು ಗುಡಿಸಿನ ಅಂತರ. ಅದನ್ನು ನಾನು ಬೋರ್ಡಿನ ಮೇಲೆ ಬರೆಯಲಿಲ್ಲ. ಅಷ್ಟು ಚಮತ್ಕಾರ ಆ ಹೊತ್ತಿಗೆ ಸರಿಯೆನಿಸಲಿಲ್ಲ.

ಮರುದಿನ ಬಿಸಿಯೂಟದ ಸಾಲಿನಲ್ಲಿ ನಾನು ಮಕ್ಕಳ ಹಿಂದೆ ನಿಂತಿದ್ದೆ. ಅದೇ ಹುಡುಗಿ ತಟ್ಟೆ ಚಾಚಿ, ಸೌಟು ಹಿಡಿದವರನ್ನು ಕೇಳಿದಳು: "ಅಕ್ಕಾ, ನಿಮ್ಮ ಹೆಸರೆಂತದು?" ಆಕೆ ನಕ್ಕು ಹೇಳಿದರು, ಮತ್ತೊಂದು ಸೌಟು ಸಾರು ಹಾಕಿದರು.

ಆರು ವರ್ಷದಿಂದ ಅವರ ಕೈಯ ಊಟ ಉಂಡಿದ್ದೆ. ಆ ಹೆಸರು ನಾನೂ ಅವತ್ತೇ ಮೊದಲು ಕೇಳಿದ್ದು.